ಹಾವು ಕಡಿತಕ್ಕೆ ‘ಲಸಿಕೆ’ ಎನ್ನಬಹುದೇ?

ಮಿತ್ರರೇ,

ಹಾವು ಕಡಿತದ ಚಿಕಿತ್ಸೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಾವಿನ ವಿಷವನ್ನು ತಡೆಯಲು ಕೊಡುವ ಔಷಧವಾದ ಆಂಟಿವೆನಮ್ ಎಂಬುದಕ್ಕೆ ಪ್ರತಿವಿಷ, ವಿಷಹಾರಿ, ವಿಷನಿರೋಧಕ ಸೀರಮ್ ಎಂಬ ಪದಗಳು ಬಳಕೆಯಲ್ಲಿವೆ. ಪತ್ರಿಕೆಗಳಲ್ಲಿ ‘ಹಾವು ಕಡಿತಕ್ಕೆ ಲಸಿಕೆ’ ಎಂದೂ ಓದಿದ್ದೇನೆ. ಯಾವುದನ್ನು ಉಳಿಸಿಕೊಳ್ಳಬೇಕು?

‘ಲಸಿಕೆ’ಯ ಬಗ್ಗೆ ನನ್ನ ತಕರಾರು ಗಟ್ಟಿಯಾಗಿದೆ. ಲಸಿಕೆಯನ್ನು ಮುಂಚೆಯೇ ಹಾಕಿಸಿಕೊಳ್ಳುತ್ತೇವೆ; ಆಮೇಲೆ ದೇಹ ತನಗೆ ಬೇಕಾದ ಪ್ರತಿಕಾಯಗಳನ್ನು (ಹೊರಗಿನಿಂದ ಬಂದದ್ದನ್ನು ಹಿಡಿದು ತಡೆಯುವ ಪ್ರೋಟೀನುಗಳನ್ನು) ತಾನೇ ತಯಾರಿಸಿಕೊಳ್ಳುತ್ತದೆ. ಹಾವು ಕಡಿದವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಇಲ್ಲಿ ಲಸಿಕೆಯಂಥದ್ದನ್ನು ಪಡೆಯುವುದು ಕುದುರೆ. ಹಾವಿನಿಂದ ತೆಗೆದ ವಿಷವನ್ನು ಮೊದಲು ಅತಿ ಸಣ್ಣ ಪ್ರಮಾಣದಲ್ಲಿ, ಬಳಿಕ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ, ವಾರಗಟ್ಟಲೆ ಅದಕ್ಕೆ ಚುಚ್ಚುತ್ತಾರೆ. ಪ್ರತಿಕಾಯಗಳು ಸಾಕಷ್ಟು ಬೆಳೆದ ಮೇಲೆ ರಕ್ತ ತೆಗೆದು, ಅದರ ದ್ರವಭಾಗವಾದ ಪ್ಲಾಸ್ಮಾವನ್ನು ಇಟ್ಟುಕೊಂಡು, ಎಷ್ಟೋ ಕಡೆ ಕೆಂಪು ಕಣಗಳನ್ನು ಕುದುರೆಗೇ ಹಿಂತಿರುಗಿಸುತ್ತಾರೆ. ಅನಂತರ ಶುದ್ಧೀಕರಣ. ಪೆಪ್ಸಿನ್ ಕಿಣ್ವದಿಂದ ಪ್ರತಿಕಾಯದ ಬಾಲದ ಭಾಗವನ್ನು ಕತ್ತರಿಸಿ, ವಿಷವನ್ನು ಹಿಡಿಯುವ ತೋಳುಗಳನ್ನು ಮಾತ್ರ ಉಳಿಸಿಕೊಳ್ಳುವುದೂ ಉಂಟು. ಕುದುರೆಯ ಪ್ರೋಟೀನಿಗೆ ರೋಗಿಯ ದೇಹ ಸಿಡಿದೇಳುವುದನ್ನು ಕಡಿಮೆ ಮಾಡಲು ಈ ಉಪಾಯ. ಹೀಗೆ ಸಿದ್ಧವಾದದ್ದನ್ನು ಕಡಿತಕ್ಕೊಳಗಾದವರ ರಕ್ತನಾಳಕ್ಕೆ ಹರಿಸುತ್ತಾರೆ. ಅವರಿಗೆ ಸಿಗುವುದು ಎರವಲು ರಕ್ಷಣೆ, ಕೆಲವೇ ಕಾಲ ಉಳಿಯುವಂಥದ್ದು. ‘ಲಸಿಕೆ’ ಎಂದು ಬರೆದರೆ, ಒಮ್ಮೆ ಹಾಕಿಸಿಕೊಂಡರೆ ಹಾವಿನ ಭಯವಿಲ್ಲ ಎಂದು ಓದುಗರು ತಿಳಿದರೆ ತಪ್ಪು ಅವರದಲ್ಲ.

ಪ್ರಮಾಣದ ವಿಷಯದಲ್ಲೂ ಇದು ಸಾಮಾನ್ಯ ಔಷಧದಂತಲ್ಲ. ಮಗುವಿಗೂ ದೊಡ್ಡವರಷ್ಟೇ ಕೊಡಬೇಕು. ಲೆಕ್ಕ ಹಿಡಿಯಬೇಕಾದದ್ದು ರೋಗಿಯ ತೂಕವನ್ನಲ್ಲ, ಹಾವು ಬಿಟ್ಟ ವಿಷವನ್ನು. ಕಚ್ಚುವಾಗ ಹಾವು ವಯಸ್ಸು ಕೇಳುವುದಿಲ್ಲವಲ್ಲ.

‘ವಿಷಹಾರಿ’ ಕೇಳಲು ಚೆನ್ನಾಗಿದೆ, ಆದರೆ ಬೇರು, ಮಂತ್ರ, ತಾಯಿತಗಳಿಗೂ ಅದೇ ಹೆಸರು ಸಲ್ಲುತ್ತದೆ. ಮೇಲಾಗಿ ಅದು ಮಾಡುವ ವಾಗ್ದಾನ ದೊಡ್ಡದು. ಪ್ರತಿಕಾಯಗಳು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿದು ಕಟ್ಟಿಹಾಕುತ್ತವೆ. ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಕಟ್ಟುಹಾವಿನ ವಿಷ ನರದ ತುದಿಗಳನ್ನು ಕೆಡಿಸಿದ ಮೇಲೆ ಅವು ತಾವಾಗಿಯೇ ಚೇತರಿಸಿಕೊಳ್ಳಬೇಕು, ಅಲ್ಲಿಯವರೆಗೆ ಉಸಿರಾಟದ ಯಂತ್ರವೇ ಗತಿ. ಬೇಗ ಕೊಡಬೇಕು ಎಂಬ ವೈದ್ಯರ ಅವಸರಕ್ಕೆ ಕಾರಣ ಇದೇ.

ಉಳಿದದ್ದು ‘ಪ್ರತಿವಿಷ’. ನನ್ನ ಒಲವು ಇತ್ತಲೇ, ಎರಡು ಅಳುಕುಗಳೊಡನೆ. ಮೊದಲನೆಯದು, ‘ಮುಳ್ಳನ್ನು ಮುಳ್ಳಿನಿಂದಲೇ ತೆಗೆ’ ಎಂಬಂತೆ ಸೀಸೆಯಲ್ಲಿ ಇನ್ನೊಂದು ವಿಷವಿದೆ ಎಂಬ ಅರ್ಥ ಬರುತ್ತದೆ. ಇನ್ನೊಂದು, ಆಯುರ್ವೇದದಲ್ಲಿ ‘ಪ್ರತಿವಿಷಾ’ ಎಂಬುದು ಅತಿವಿಷಾ ಮೂಲಿಕೆಗೆ ಪರ್ಯಾಯನಾಮ. ಆದರೆ ಪ್ರತಿಕಾಯ, ಪ್ರತಿಜೀವಕ ಈಗಾಗಲೇ ರೂಢಿಯಾಗಿರುವುದರಿಂದ ಅದೇ ಸಾಲಿನಲ್ಲಿ ಇದೂ ನಿಂತುಕೊಳ್ಳುತ್ತದೆ ಎನಿಸುತ್ತದೆ. ಇಂಗ್ಲಿಷಿನವರೂ ಬಹುಕಾಲ ಫ್ರೆಂಚಿನಿಂದ ಬಂದ ‘ಆಂಟಿವೆನಿನ್’ ಬಳಸಿ, ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸೂಚಿಸಿದ ಬಳಿಕವೇ ‘ಆಂಟಿವೆನಮ್’ ಕಡೆ ವಾಲಿದರು.

‘ಸೀರಮ್’ ಸೇರಿಸಲೇಬೇಡಿ ಎನ್ನುತ್ತೇನೆ. 1890ರ ದಶಕದಲ್ಲಿ ಫ್ರೆಂಚ್ ವಿಜ್ಞಾನಿ ಆಲ್ಬರ್ಟ್ ಕಾಲ್ಮೆಟ್ ನಾಗರಹಾವಿನ ವಿಷದಿಂದ ಸಿದ್ಧಪಡಿಸಿದ್ದು ನಿಜಕ್ಕೂ ಸೀರಮ್, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ. ಅದು ಎಲ್ಲ ಹಾವುಗಳಿಗೂ ನಡೆಯುತ್ತದೆ ಎಂದು ಆತ ನಂಬಿದ್ದ. ಬ್ರೆಜಿಲ್‌ನಲ್ಲಿ ವಿಟಾಲ್ ಬ್ರೆಜಿಲ್ ಎಂಬ ವೈದ್ಯ ಅದು ಸುಳ್ಳೆಂದು ತೋರಿಸಿದ. ಆಯಾ ಹಾವಿನ ವಿಷಕ್ಕೆ ಆಯಾ ಪ್ರತಿಕಾಯವೇ ಬೇಕು. ಈ ಮಿತಿಯನ್ನು ದಾಟಲು ನಡೆದಿರುವ ಕೆಲಸದಲ್ಲಿ ಕುದುರೆಯೇ ಇಲ್ಲ. ಬೇರೆ ಬೇರೆ ಹಾವುಗಳ ನರವಿಷಗಳ ಒಂದು ಗುಂಪನ್ನು ತಡೆಯುವ ಮಾನವ ಪ್ರತಿಕಾಯವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಸಂಶೋಧಕರು 2024ರಲ್ಲಿ ಪ್ರಕಟಿಸಿದರು. ಅದು ಇಲಿಗಳನ್ನು ಉಳಿಸಿತು. 2025ರಲ್ಲಿ ಅಮೆರಿಕದ ಪ್ರೋಟೀನ್ ವಿಜ್ಞಾನಿ ಡೇವಿಡ್ ಬೇಕರ್ ಅವರ ತಂಡ ಕಂಪ್ಯೂಟರಿನಲ್ಲೇ ರೂಪಿಸಿದ ಪುಟ್ಟ ಪ್ರೋಟೀನುಗಳನ್ನು ಮುಂದಿಟ್ಟಿತು. ವರೆಸ್ಪ್ಲಾಡಿಬ್ ಎಂಬುದಂತೂ ವಿಷದ ಒಂದು ಕಿಣ್ವವನ್ನು ತಡೆಯುವ ಸಣ್ಣ ಅಣು, ಬಾಯಿಯ ಮೂಲಕವೂ ಕೊಡಬಹುದು. ಇವೆಲ್ಲವನ್ನೂ ‘ಪ್ರತಿವಿಷ’ ಒಳಗೊಳ್ಳಬಲ್ಲದು, ‘ಸೀರಮ್’ಗೆ ಸಾಧ್ಯವಿಲ್ಲ.

ನನಗೆ ಬಗೆಹರಿಯದಿರುವುದು ಇನ್ನೊಂದು. ಹಾವಿನ ವಿಷ ಒಂದೇ ವಸ್ತುವಲ್ಲ, ಹತ್ತಾರು ಟಾಕ್ಸಿನ್‌ಗಳ ಮಿಶ್ರಣ. ಇಡೀ ಮಿಶ್ರಣವೂ ‘ವಿಷ’, ಅದರೊಳಗಿನ ಒಂದೊಂದು ಅಂಶವೂ ‘ವಿಷ’ ಎಂದರೆ ಕೈಪಿಡಿಯ ವಾಕ್ಯಗಳು ಗೋಜಲಾಗುತ್ತವೆ. ಅಂಶಕ್ಕೆ ‘ನಂಜು’ ಎಂದು ಇಡೋಣವೆಂದರೆ, ಗಾಯ ‘ನಂಜಾಗುವುದು’ ಎಂಬ ಬಳಕೆ ಅಡ್ಡ ಬರುತ್ತದೆ, ಹಾವು ಕಡಿದ ಗಾಯ ಹಾಗಾಗುವುದೂ ಇದೆ. ‘ವಿಷಾಂಶ’ ನಡೆದೀತೇ, ಅಥವಾ ‘ಟಾಕ್ಸಿನ್’ ಅನ್ನೇ ಇಟ್ಟುಕೊಳ್ಳುವುದು ವಾಸಿಯೇ? ವೈದ್ಯಕೀಯ ಬರವಣಿಗೆಯಲ್ಲಿ ಪಳಗಿದವರು ತಿಳಿಸಬೇಕು.