14 ಇಂಚಿನ ರಿಮ್‌ಗೆ 195 ಟೈರ್ ಕೂರುತ್ತಾ?

ಪ್ರಶ್ನೆ: ನಮಸ್ಕಾರ ಅಣ್ಣ. ನಾವು ಚಿಂಚವಡದಲ್ಲಿದ್ದೇವೆ. ನಮ್ಮದು ಸ್ವಿಫ್ಟ್, ಕಬ್ಬಿಣದ ರಿಮ್, 165/80 ಆರ್14 ಟೈರ್ (ಅಗಲ 165 ಮಿಲಿಮೀಟರ್, ಪಕ್ಕದ ಎತ್ತರ ಅಗಲದ ಶೇ. 80, ರಿಮ್ 14 ಇಂಚು). ತಿಂಗಳಿಗೆ ಎರಡು ಸಲ ಬೆಳಗಾವಿಗೆ ಹೋಗಿ ಬರುತ್ತೇವೆ. ಮೊನ್ನೆ ಮಳೆಯಲ್ಲಿ ಖಂಬಾಟ್ಕಿ ಘಾಟ್ ಇಳಿಯುವಾಗ ಬ್ರೇಕ್ ಹಾಕಿದರೆ ಗಾಡಿ ಜಾರಿಬಿಟ್ಟಿತು. ಹಿಂದೆ ಅಮ್ಮ ಕೂತಿದ್ದರು, ತುಂಬಾ ಹೆದರಿದರು. ಅಂಗಡಿಯವರು 195/65 ಹಾಕಿಸಿ, ಅಗಲ ಜಾಸ್ತಿಯಾದರೆ ಹಿಡಿತ ಜಾಸ್ತಿ ಎನ್ನುತ್ತಾರೆ. ಪಂಕ್ಚರ್‌ಗೆ ಟೈರ್ ಬಿಚ್ಚಿದಾಗ ರಿಮ್ ಅಳೆದೆ, ಅಂಚಿನಿಂದ ಅಂಚಿಗೆ ಹತ್ತಿರ ಹತ್ತಿರ 6 ಇಂಚು ಬಂತು. ಕೂರುತ್ತೆ ಅಲ್ವಾ?

ಉತ್ತರ: ತಮ್ಮಾ, ಅಳತೆ ಅಲ್ಲೇ ತಪ್ಪಿದೆ. ರಿಮ್ ಅಗಲವನ್ನು ಹೊರ ಅಂಚಿನಿಂದ ಅಳೆಯುವುದಿಲ್ಲ. ಒಳಗೆ ಟೈರಿನ ಬೀಡ್, ಅಂದರೆ ಅದರ ಗಟ್ಟಿ ಒಳ ಅಂಚು, ಎರಡು ಕಡೆ ಒತ್ತಿ ಕೂರುತ್ತಲ್ಲ, ಅಲ್ಲಿಂದ ಅಲ್ಲಿಗೆ ಅಳೆಯಬೇಕು. ಹೊರಗಿನ ಅಳತೆ ಸುಮಾರು 1 ಇಂಚು ಜಾಸ್ತಿ ಬರುತ್ತದೆ. ಅಂದರೆ ನಿಮ್ಮದು 5 ಇಂಚಿನ ರಿಮ್ ಇರಬೇಕು. ರಿಮ್ ಮೇಲೆ 14×5ಜೆ ಎಂದು ಅಚ್ಚೊತ್ತಿದೆಯಾ, ನೋಡಿ ಹೇಳಿ.

195/65 ಟೈರಿಗೆ 5.5ರಿಂದ 7 ಇಂಚಿನ ರಿಮ್ ಬೇಕು. 5 ಇಂಚಿಗೂ ಹೇಗೋ ಏರಿಸಿಬಿಡುತ್ತಾರೆ, ಗಾಳಿಯೂ ನಿಲ್ಲುತ್ತದೆ. ಆದರೆ ಕಾಲು ಕಿರಿದಾಗಿ ಮೈ ಊದಿಕೊಂಡ ಹಾಗಾಗುತ್ತದೆ. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಉಬ್ಬುತ್ತದೆ, ನೆಲಕ್ಕೆ ತಾಗುವ ಭಾಗ ನಡುವೆ ಗುಮ್ಮಟವಾಗಿ ಅಲ್ಲೇ ಬೇಗ ಸವೆಯುತ್ತದೆ. ತಿರುವಿನಲ್ಲಿ ಗಾಡಿ ಆ ಕಡೆ ಈ ಕಡೆ ತೂಗುತ್ತದೆ. ಘಾಟಿನಲ್ಲಿ ನಿಮಗೆ ಬೇಡವಾದದ್ದೇ ಅದು.

ಇನ್ನೊಂದು ಮಾತು. ಮಳೆ ನೀರು ನಿಂತಿರುವ ಕಡೆ ಅಗಲ ಟೈರ್ ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ. ತಳ್ಳಲು ಆಗದಿದ್ದರೆ ನೀರಿನ ಮೇಲೇ ತೇಲುತ್ತದೆ. ಮಳೆಯಲ್ಲಿ ನಿಮ್ಮನ್ನು ಕಾಯುವುದು ಟೈರಿನ ಮೈಮೇಲೆ ಕೊರೆದಿರುವ ಕಾಲುವೆಗಳ ಆಳ. ಈಗಿನ ಟೈರ್ ಎಷ್ಟು ಓಡಿದೆ?

ಪ್ರಶ್ನೆ: ಹೌದಣ್ಣ, 14×5ಜೆ ಎಂದೇ ಇದೆ. ಟೈರ್ 48,000 ಕಿಲೋಮೀಟರ್ ಓಡಿದೆ. ಕಾಲುವೆಯೊಳಗಿನ ಚಿಕ್ಕ ದಿಬ್ಬಗಳು ಮೇಲ್ಮೈಗೆ ಸಮ ಬಂದಿವೆ.

ಉತ್ತರ: ಜಾರಿದ್ದು ಅದಕ್ಕೇ! ಆ ದಿಬ್ಬ ಸಮ ಬಂತು ಅಂದರೆ ಉಳಿದಿರುವುದು 1.6 ಮಿಲಿಮೀಟರ್ ಮಾತ್ರ. ದಯವಿಟ್ಟು ಇದೇ ಟೈರಿನಲ್ಲಿ ಅಮ್ಮನನ್ನು ಮತ್ತೆ ಕರೆದುಕೊಂಡು ಹೋಗಬೇಡಿ. ನನ್ನ ಸಲಹೆ ಕೇಳಿದರೆ, ಕಂಪನಿ ಅಳತೆಯ ಹೊಸ 165/80 ಹಾಕಿಸಿ. ಅದೇ ಸಾಕು. ಅಗಲ ಬೇಕೇ ಬೇಕು ಅಂದರೆ 185/70 ಆರ್14. ಅದಕ್ಕೆ 4.5ರಿಂದ 6 ಇಂಚಿನ ರಿಮ್ ನಡೆಯುತ್ತದೆ, ನಿಮ್ಮ 5 ಇಂಚು ಅದರೊಳಗೇ ಬಂತು. ಟೈರಿನ ಒಟ್ಟು ಎತ್ತರವೂ ಸುಮಾರು 620 ಇದ್ದದ್ದು 615 ಮಿಲಿಮೀಟರ್ ಆಗುತ್ತದೆ, ಸ್ಪೀಡೋಮೀಟರ್ ಹೆಚ್ಚೇನೂ ತಪ್ಪು ತೋರಿಸುವುದಿಲ್ಲ. ಮೈಲೇಜ್ ಸ್ವಲ್ಪ ಕಡಿಮೆಯಾಗಬಹುದು. ಲೋಡ್ ಇಂಡೆಕ್ಸ್ (ಟೈರ್ ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ ಸಂಖ್ಯೆ) ಮಾತ್ರ ಹಳೆಯದಕ್ಕಿಂತ ಕಡಿಮೆ ಇರಬಾರದು.

ಇನ್ನೊಬ್ಬರು: ಅಣ್ಣ, ನಾನು ಮಡಗಾಂವಿನಿಂದ. 6 ಇಂಚು ಅಗಲದ ಅಲಾಯ್ ರಿಮ್ ಸಿಕ್ಕಿದೆ. ಹಳೆಯ 165/80 ಟೈರನ್ನೇ ಹಾಕಿಸಲಾ?

ಉತ್ತರ: ಬೇಡ ಅಕ್ಕ. ಅದಕ್ಕೆ 5.5 ಇಂಚೇ ಕೊನೆ. 6ಕ್ಕೆ ಹಾಕಿದರೆ ಸೈಡ್‌ವಾಲ್ ಹೊರಕ್ಕೆ ಎಳೆದುಕೊಳ್ಳುತ್ತದೆ. ಮಳೆಗಾಲದ ಗುಂಡಿಗೆ ಬಿದ್ದರೆ ಪೆಟ್ಟು ಟೈರಿಗಿಂತ ಮೊದಲು ಅಲಾಯ್ ಅಂಚಿಗೆ. ಅಲಾಯ್ ಕೊಳ್ಳುವ ಮುಂಚೆ ಹಿಂಬದಿಯಲ್ಲಿ ಇಟಿ ಎಂದು ಬರೆದ ಸಂಖ್ಯೆಯನ್ನೂ (ರಿಮ್‌ನ ನಡುಗೆರೆಯಿಂದ ಅದು ಗಾಡಿಗೆ ಕೂರುವ ಮುಖ ಎಷ್ಟು ದೂರ ಎಂಬ ಅಳತೆ) ನಿಮ್ಮ ರಿಮ್ ಜೊತೆ ಹೋಲಿಸಿ ನೋಡಿ. ಅದು ತುಂಬಾ ಬೇರೆ ಇದ್ದರೆ ಚಕ್ರ ಒಳಗೆ ತಾಗಬಹುದು, ಇಲ್ಲವೇ ಹೊರಗೆ ಚಾಚಬಹುದು. ಫೋಟೋ ಹಾಕಿ, ನೋಡಿ ಹೇಳುತ್ತೇನೆ.