ಗುಂಪಿನ ಕೆಲಸದಲ್ಲಿ ಒಬ್ಬಳೇ ದುಡಿದು ಉಳಿದವರು ಸುಮ್ನೆ ಕೂತರೆ ಏನು ಮಾಡೋದು?

ಶಹಾಪುರ ಕಡೆಯ ಮೇಡಂ ಒಬ್ಬರು ಕೇಳಿದ್ದಾರೆ. ಅವರ ಒಂಬತ್ತನೇ ತರಗತಿಯಲ್ಲಿ ಐವತ್ತರ ಹತ್ತಿರ ಮಕ್ಕಳು. ಗುಂಪು ಮಾಡಿ ಕೆಲಸ ಕೊಟ್ಟರೆ ಜಾಣೆಯೊಬ್ಬಳು ಎಲ್ಲ ಬರೆದು ಮುಗಿಸುತ್ತಾಳೆ, ಉಳಿದವರು ಹರಟೆ ಹೊಡೆಯುತ್ತಾರೆ. ಹುಡುಗರು, ಹುಡುಗಿಯರು ಒಂದೇ ಗುಂಪಿನಲ್ಲಿ ಕೂರಲು ಒಪ್ಪುವುದಿಲ್ಲ. ಕೂಡಿ ಕೆಲಸ ಮಾಡುವುದನ್ನು ಕಲಿಸಲು ಯಾವ ಚಟುವಟಿಕೆ ಒಳ್ಳೆಯದು ಅನ್ನೋದು ಪ್ರಶ್ನೆ. ನಾನು ಬೀದರ್‌ನಲ್ಲಿ ಹೈಸ್ಕೂಲ್ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ನನ್ನ ಅನುಭವದ ಜೊತೆ ಈ ಭಾಗದ ಒಂದಿಬ್ಬರು ಗೆಳೆಯರದ್ದನ್ನೂ ಸೇರಿಸಿದ್ದೇನೆ.

ಮೇಡಂ, ನಿಮ್ಮ ಮಕ್ಕಳು ಸೋಮಾರಿಗಳಲ್ಲ. ಕೊಟ್ಟ ಕೆಲಸವೇ ಒಬ್ಬರಿಂದ ಆಗುವಂಥದ್ದು. ಪರಿಸರ ಉಳಿಸಿ ಅಂತ ಒಂದು ಚಾರ್ಟ್ ಬರೆಯಲು ಆರು ಜನ ಯಾಕೆ ಬೇಕು? ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದರು. 1913ರಲ್ಲಿ ಅದನ್ನು ಪ್ರಕಟಿಸಿದರು. ಜನ ಹೆಚ್ಚಾದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಿತ್ತು. ದೊಡ್ಡವರೇ ಹಾಗೆ ಅಂದಮೇಲೆ ಮಕ್ಕಳನ್ನು ಬೈದು ಏನು ಬಂತು? ಅದಕ್ಕೇ ನಾನು ಮೊದಲು ನೋಡೋದು ಇಷ್ಟೇ: ಈ ಕೆಲಸವನ್ನು ಒಬ್ಬ ಜಾಣ ಹುಡುಗ ಮನೆಯಲ್ಲಿ ಕೂತು ಮುಗಿಸಬಹುದಾ? ಮುಗಿಸಬಹುದು ಅಂದರೆ ಅದನ್ನು ಗುಂಪಿಗೆ ಕೊಡೋದಿಲ್ಲ.

ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದ್ದು ನೌಬಾದ್‌ನ ಕರೇಜ್. ಬಹಮನಿ ಸುಲ್ತಾನರ ಕಾಲದಲ್ಲಿ ನೆಲದಡಿ ನೀರು ಹರಿಸಲು ಕೊರೆದ ಕಾಲುವೆ ಅದು. ಮೇಲೆ ನೋಡಿದರೆ ಸಾಲಾಗಿ ಬಾವಿಗಳಂತೆ ಬಾಯಿಗಳು ಕಾಣುತ್ತವೆ. ಒಂದು ಬಾಯಿಯಿಂದ ಇನ್ನೊಂದಕ್ಕೆ ಎಷ್ಟು ದೂರ ಅಂತ ಅಳೆದು, ಅಳತೆಗೆ ಸರಿಯಾಗಿ ನಕ್ಷೆ ಬರೆಯಬೇಕು. ಒಬ್ಬರು ಟೇಪಿನ ತುದಿ ಹಿಡಿಯಬೇಕು, ಒಬ್ಬರು ಎಳೆದುಕೊಂಡು ಹೋಗಿ ಓದಬೇಕು, ಒಬ್ಬರು ಬರೆಯಬೇಕು, ಒಬ್ಬರು ದಿಕ್ಕು ನೋಡಬೇಕು, ಇಬ್ಬರು ಅಲ್ಲಿನ ಹಿರಿಯರನ್ನು ಮಾತಾಡಿಸಬೇಕು. ಎಷ್ಟೇ ಜಾಣರಾದರೂ ಟೇಪಿನ ಎರಡೂ ತುದಿಯಲ್ಲಿ ನಿಲ್ಲೋಕೆ ಆಗಲ್ಲ, ಅಲ್ವಾ?

ಒಂದು ಗುಂಪಿನ ನಕ್ಷೆ ಬೇರೆಯವರದಕ್ಕೆ ತಾಳೆಯಾಗಲಿಲ್ಲ. ಓದಿದವಳು ಮೂವತ್ತಾರು ಅಂದಿದ್ದಳು, ಗಾಳಿಯಲ್ಲಿ ಬರೆಯುವವನಿಗೆ ಇಪ್ಪತ್ತಾರು ಅಂತ ಕೇಳಿಸಿತ್ತು. ತಪ್ಪು ನಿಂದು, ನಿಂದು ಅಂತ ಜಗಳವೂ ಆಯಿತು. ನಾನು ನಡುವೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಒಂದು ನಿಯಮ ಮಾಡಿಕೊಂಡರು: ಬರೆಯುವವನು ಸಂಖ್ಯೆಯನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು, ಓದಿದವಳು ಹೂಂ ಅನ್ನಬೇಕು, ಆಮೇಲೆ ಟೇಪು ಸುತ್ತಬೇಕು. ಇಂಥ ನಿಯಮ ನಾವು ಬೋರ್ಡಿನ ಮೇಲೆ ಬರೆದರೆ ಮಕ್ಕಳ ತಲೆಗೆ ಹೋಗೋದಿಲ್ಲ. ಜಗಳಕ್ಕೂ ಸ್ವಲ್ಪ ಸಮಯ ಬಿಡಿ. ಆದರೆ ಬಾವಿಯಂಥ ಜಾಗ ಅಂದರೆ ಇನ್ನೊಬ್ಬ ಶಿಕ್ಷಕರು ಜೊತೆಗಿರಲೇಬೇಕು, ಮಕ್ಕಳು ಅಂಚಿನಿಂದ ದೂರ ನಿಲ್ಲಬೇಕು. ನಿಮ್ಮೂರಲ್ಲಿ ಕರೇಜ್ ಇಲ್ಲದಿದ್ದರೆ ಶಾಲೆಯ ಅಂಗಳವನ್ನೇ ಅಳೆಸಿ.

ಹೊರಗೆ ಹೋಗಲು ಆಗದಿದ್ದರೆ ಪಾಠವನ್ನೇ ತುಂಡು ಮಾಡಿ. ಇದು ಅಮೆರಿಕದ ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಆಸ್ಟಿನ್ ನಗರದ ಶಾಲೆಗಳಲ್ಲಿ ತಂದ ಜಿಗ್ಸಾ ವಿಧಾನ. ಕಪ್ಪು, ಬಿಳಿ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದು ಹೊಡೆದಾಡುತ್ತಿದ್ದ ಕಾಲ ಅದು. ಚಿತ್ತಾಪುರ ತಾಲ್ಲೂಕಿನ ಗೆಳೆಯರೊಬ್ಬರು ಸನ್ನತಿ ಅನ್ನೋ ಹಳೆಯ ಬೌದ್ಧ ನೆಲೆಯ ಪಾಠಕ್ಕೆ ಇದನ್ನೇ ಬಳಸುತ್ತಾರೆ. ಆರು ಜನರ ಗುಂಪಿಗೆ ಮೂರು ಚೀಟಿ. ಒಂದರಲ್ಲಿ ಅಶೋಕನ ಶಾಸನ, ಒಂದರಲ್ಲಿ ಪಕ್ಕದ ಕನಗನಹಳ್ಳಿಯ ಸ್ತೂಪ, ಇನ್ನೊಂದರಲ್ಲಿ ಅಲ್ಲಿ ಸಿಕ್ಕ, ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರಿರುವ ಉಬ್ಬುಶಿಲ್ಪ. ಒಂದೇ ಚೀಟಿ ಸಿಕ್ಕವರು ಮೊದಲು ಒಟ್ಟಿಗೆ ಕೂತು ಅರ್ಥ ಮಾಡಿಕೊಳ್ಳುತ್ತಾರೆ. ಆಮೇಲೆ ತಮ್ಮ ತಮ್ಮ ಗುಂಪಿಗೆ ವಾಪಸ್ ಬಂದು ಕಲಿಸುತ್ತಾರೆ. ಮೂಲ ವಿಧಾನದಲ್ಲಿ ಒಬ್ಬರಿಗೆ ಒಂದು ಭಾಗ. ಇವರು ಇಬ್ಬರಿಗೆ ಕೊಡುತ್ತಾರೆ. ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ, ಮನೆಯವರು ಗುಳೆ ಹೋದಾಗ ಎಷ್ಟು ಬೆಂಚು ಖಾಲಿಯಾಗುತ್ತವೆ! ಒಬ್ಬಳು ಬರದಿದ್ದರೆ ಜೋಡಿಯವಳು ಪಾಠ ಮುಂದುವರಿಸುತ್ತಾಳೆ, ಬಂದಮೇಲೆ ಅವಳಿಗೆ ಹೇಳಿಕೊಡುತ್ತಾಳೆ. ಗುಂಪಿನೊಳಗೆ ಉರ್ದು, ಲಂಬಾಣಿ, ತೆಲುಗು ಯಾವುದರಲ್ಲಾದರೂ ಮಾತಾಡಲಿ. ತಡೆದರೆ ಆ ಮಕ್ಕಳು ಬಾಯಿ ಮುಚ್ಚಿ ಕೂರುತ್ತಾರೆ.

ಹುಡುಗ ಹುಡುಗಿಯರ ವಿಷಯದಲ್ಲಿ ಅವಸರ ಬೇಡ. ಗುಂಪು ನೀವೇ ಮಾಡಿ, ಅವರಿಗೆ ಬಿಡಬೇಡಿ. ಆದರೆ ಹುಡುಗರ ನಡುವೆ ಒಬ್ಬಳೇ ಹುಡುಗಿಯನ್ನು ಹಾಕಬೇಡಿ, ಕನಿಷ್ಠ ಇಬ್ಬರಾದರೂ ಇರಲಿ. ಗುಂಪಿನ ಕೆಲಸ ಶಾಲೆಯ ಸಮಯದಲ್ಲೇ ಮುಗಿಯಬೇಕು. ಸಂಜೆ ಉಳಿಸಿಕೊಂಡರೆ ಬಸ್ಸು ತಪ್ಪುತ್ತದೆ, ಮರುದಿನ ಮನೆಯವರು ಕೇಳಿಕೊಂಡು ಬರುತ್ತಾರೆ. ಅವರು ಕೇಳೋದೂ ಸರಿಯೇ.

ಸೇಡಂ ಕಡೆಯ ದೈಹಿಕ ಶಿಕ್ಷಕರೊಬ್ಬರು ಖೋ ಖೋ ಸಾಕು ಅನ್ನುತ್ತಾರೆ. ಅಟ್ಟಿಸುವವರು ದಿಕ್ಕು ಬದಲಿಸುವಂತಿಲ್ಲ, ನಡುಗೆರೆ ದಾಟುವಂತಿಲ್ಲ, ಹಾಗಾಗಿ ಖೋ ಕೊಡಲೇಬೇಕು. ಮಾತು ಒಪ್ಪುತ್ತೇನೆ. ಆದರೆ ಆಟದಲ್ಲಿ ಕಲಿತದ್ದು ತಾನಾಗೇ ತರಗತಿಗೆ ಬರುವುದನ್ನು ನಾನು ನೋಡಿಲ್ಲ. ಆಟ ಮುಗಿದ ಮೇಲೆ ಮರದ ಕೆಳಗೆ ಕೂರಿಸಿ, ಯಾವಾಗ ಖೋ ಕೊಡಲು ತಡ ಮಾಡಿದಿರಿ ಅಂತ ಕೇಳಿದರೆ ಮಾತ್ರ ಉಪಯೋಗ.

ಇನ್ನು ಆ ಜಾಣೆಯ ವಿಷಯ. ಅವಳ ಕೈಗೆ ಪೆನ್ನು ಕೊಡಬೇಡಿ. ಒಂದು ವಾರ ಅವಳ ಕೆಲಸ ಕೇಳುವುದು ಮಾತ್ರ: ನಿನಗೇನು ಅನ್ನಿಸ್ತು, ಯಾಕೆ, ಇನ್ನೊಂದು ಸಲ ಹೇಳು. ಬರೆಯೋರು ಬೇರೆ, ಸಮಯ ನೋಡೋರು ಬೇರೆ, ವಾರಕ್ಕೊಮ್ಮೆ ಅದಲುಬದಲು. ಕೊನೆಗೆ ಉತ್ತರ ಹೇಳಲು ಯಾರನ್ನು ಎಬ್ಬಿಸುತ್ತೀರಿ ಅಂತ ಮೊದಲೇ ಹೇಳಬೇಡಿ. ಆಗ ಎಲ್ಲರೂ ತಯಾರಾಗುತ್ತಾರೆ. ಗುಂಪಿಗೆ ಅಂತ ಕೊಡುವ ಅಂಕ ಕಡಿಮೆ ಇರಲಿ, ಒಬ್ಬೊಬ್ಬರು ಮಾಡಿದ್ದಕ್ಕೆ ಜಾಸ್ತಿ ಇರಲಿ. ಇಲ್ಲದಿದ್ದರೆ ಬೇರೆಯವರಿಂದ ಅಂಕ ಹೋಯಿತು ಅನ್ನುವ ಭಯಕ್ಕೆ ಅವಳು ಮತ್ತೆ ಪೆನ್ನು ಕಿತ್ತುಕೊಳ್ಳುತ್ತಾಳೆ. ಪೆನ್ನು ತೆಗೆದದ್ದು ಶಿಕ್ಷೆಯಲ್ಲ ಅಂತ ಅವಳಿಗೂ, ಅವಳ ತಾಯಿಗೂ ಮೊದಲೇ ಹೇಳಿಬಿಡಿ.