ಇಳುವರಿ ಜಾಸ್ತಿ ಬಂದರೂ ಕಾಕಾನ ಕೈಗೆ ದುಡ್ಡು ಕಡಿಮೆ, ಯಾಕೆ?

ಪ್ರಶ್ನೆ (ದ್ವಿತೀಯ ಪಿಯು ವಿದ್ಯಾರ್ಥಿ, ಬಾಗಲಕೋಟೆ ಜಿಲ್ಲೆ): ಮೇಡಂ, ನಮ್ಮ ಕಾಕಾ ಉಳ್ಳಾಗಡ್ಡಿ ಬೆಳೆಯುತ್ತಾರೆ. ಈ ಸಲ ಇಳುವರಿ ಜಾಸ್ತಿ, ಆದರೆ ಕೈಗೆ ಬಂದದ್ದು ಹೋದ ವರ್ಷಕ್ಕಿಂತ ಕಡಿಮೆ. ಪೂರೈಕೆ ಹೆಚ್ಚಾದರೆ ದರ ಇಳಿಯುತ್ತದೆ, ಸರಿ. ಮಾಲೂ ಜಾಸ್ತಿ ಇತ್ತಲ್ಲ, ಅದಕ್ಕಿದು ಸರಿಹೋಗಬೇಕಿತ್ತು ಅಲ್ವಾ? ಮತ್ತೆ ಇದು ಸೂಕ್ಷ್ಮ ಅರ್ಥಶಾಸ್ತ್ರವೋ, ಸಮಗ್ರವೋ?

ಉತ್ತರ (ಅರ್ಥಶಾಸ್ತ್ರ ಉಪನ್ಯಾಸಕಿ, ವಿಜಯಪುರ): ಸುಮ್ನೆ ಒಂದು ಲೆಕ್ಕ ಹಾಕೋಣ ತಮ್ಮಾ. ಹೋದ ವರ್ಷ 100 ಕ್ವಿಂಟಲ್, ದರ 1,500 ರೂಪಾಯಿ. ಒಂದೂವರೆ ಲಕ್ಷ ಆಯ್ತು. ಈ ವರ್ಷ 120 ಕ್ವಿಂಟಲ್, ದರ 1,000. ಬಂದದ್ದು 1 ಲಕ್ಷ 20 ಸಾವಿರ. ಮಾಲು ಶೇ 20 ಏರಿತು, ದರ ಶೇ 33 ಬಿತ್ತು.

ಅಷ್ಟೊಂದು ಯಾಕೆ ಬಿತ್ತು? ಅಗ್ಗ ಆಯ್ತು ಅಂತ ಯಾರೂ ಒಗ್ಗರಣೆಗೆ ಎರಡು ಪಟ್ಟು ಉಳ್ಳಾಗಡ್ಡಿ ಹಾಕಲ್ಲ. ಹೆಚ್ಚಿನ ಮಾಲು ಖರ್ಚಾಗಬೇಕಾದರೆ ದರ ಬಹಳ ಇಳಿಯಲೇಬೇಕು. ಮಾರುಕಟ್ಟೆಗೆ ಬಂದ ಒಟ್ಟು ಮಾಲೂ ಶೇ 20 ಹೆಚ್ಚಿತ್ತು ಅಂದುಕೊಂಡು 20ನ್ನು 33ರಿಂದ ಭಾಗಿಸು. ಋಣ ಚಿಹ್ನೆ ಬಿಟ್ಟರೆ ಸುಮಾರು 0.6. ಒಂದಕ್ಕಿಂತ ಕಡಿಮೆ, ಅಂದರೆ ಅಸ್ಥಿತಿಸ್ಥಾಪಕ ಬೇಡಿಕೆ: ದರ ಇಳಿದಷ್ಟು ಪ್ರಮಾಣದಲ್ಲಿ ಕೊಳ್ಳುವುದು ಏರಲ್ಲ. ಮೇಲಾಗಿ ಮುಂಗಾರಿ ಗಡ್ಡೆ ಬಹಳ ದಿನ ತಾಳಲ್ಲ. ಎಲ್ಲರೂ ಒಮ್ಮೆಲೇ ಎಪಿಎಂಸಿಗೆ ತರುತ್ತಾರೆ.

ಕಾಕಾನ ಹೊಲದಲ್ಲಿ ಮಾತ್ರ ಇಳುವರಿ ಹೆಚ್ಚಿದ್ದರೆ ದರ ಅಲುಗಾಡುತ್ತಿರಲಿಲ್ಲ, 1 ಲಕ್ಷ 80 ಸಾವಿರ ಸಿಗುತ್ತಿತ್ತು. ಎಲ್ಲರದೂ ಹೆಚ್ಚಿತು, ಅಲ್ಲೇ ಹೊಡೆತ ಬಿದ್ದದ್ದು. ಹಾಗಂತ ಇದು ಸಮಗ್ರ ಆಗಲ್ಲ, ಅದು ಇಡೀ ದೇಶದ ಆರ್ಥಿಕತೆಯನ್ನು ಒಟ್ಟಾಗಿ ನೋಡುವಂಥದ್ದು. ಲಕ್ಷ ರೈತರಿದ್ದರೂ ಒಂದೇ ಸರಕಿನ ಮಾರುಕಟ್ಟೆ ಸೂಕ್ಷ್ಮವೇ. ಬಹಳ ಮಕ್ಕಳು ತಪ್ಪುವುದು ಇಲ್ಲೇ.

ಕಿರಾಣಿ ಅಂಗಡಿಯವರು, ಜಮಖಂಡಿ: ಹಾಗಾದರೆ ಉಳ್ಳಾಗಡ್ಡಿ ತುಟ್ಟಿಯಾದಾಗ ಟಿವಿಯಲ್ಲಿ ಹಣದುಬ್ಬರ ಅಂತಾರಲ್ಲ ಮೇಡಂ? ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿದರೆ ದರ ಇಳಿಯುತ್ತಾ?

ಉತ್ತರ: ಬಡ್ಡಿ ಏರಿಸಿದರೆ ಹೊಲದಲ್ಲಿ ಗಡ್ಡೆ ಹುಟ್ಟಲ್ಲ ಅಣ್ಣಾ. ನಿಮ್ಮ ಅಂಗಡಿಯ ಎಣ್ಣೆ, ಸೋಪು, ಮನೆ ಬಾಡಿಗೆ, ಬಸ್ ಚಾರ್ಜು, ಎಲ್ಲ ಸೇರಿ ಸರಾಸರಿ ಏರುತ್ತಾ ಹೋದರೆ ಅದು ಹಣದುಬ್ಬರ. ಅದು ಸಮಗ್ರದ ವಿಷಯ. ರಿಸರ್ವ್ ಬ್ಯಾಂಕಿನ ಗುರಿ ಶೇ 4, ಎರಡರಿಂದ ಆರರ ನಡುವೆ ಇರಬೇಕು. ರೆಪೊ ದರ, ಅಂದರೆ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಸಾಲದ ಬಡ್ಡಿ, ಏರಿದರೆ ಸಾಲ ತುಟ್ಟಿ, ಖರ್ಚು ಕಡಿಮೆ. ಆದರೆ ಹಣದುಬ್ಬರ ಅಳೆಯುವ, 2012ರ ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯದ ಪಾಲೇ ಸುಮಾರು ಶೇ 46 ಇತ್ತು. ಅದಕ್ಕೇ ತರಕಾರಿ ಏರಿದರೆ ಅಷ್ಟು ಗದ್ದಲ.

ಉಳ್ಳಾಗಡ್ಡಿಗೆ ಸರ್ಕಾರ ಬೇರೆ ದಾರಿ ಹಿಡಿಯುತ್ತದೆ. 2023ರ ಆಗಸ್ಟ್‌ನಲ್ಲಿ ಶೇ 40 ರಫ್ತು ಸುಂಕ ಹಾಕಿತು. ಡಿಸೆಂಬರ್‌ನಲ್ಲಿ ರಫ್ತನ್ನೇ ನಿಲ್ಲಿಸಿ, 2024ರ ಮೇನಲ್ಲಿ ಬಿಟ್ಟಿತು. ಕೊಳ್ಳುವವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. ಬೆಳೆದವರ ಕಡೆಯಿಂದ ನೋಡಿದರೆ ಅನ್ಯಾಯ ಅಂತಲೇ ನನಗನ್ನಿಸುತ್ತದೆ.

ವಿದ್ಯಾರ್ಥಿ: ಥ್ಯಾಂಕ್ಸ್ ಮೇಡಂ. ಚಿತ್ರ ಹೇಗೆ ಬರೆಯಲಿ?

ಉತ್ತರ: ಬೇಡಿಕೆ ರೇಖೆ ಕಡಿದಾಗಿರಲಿ, ಪೂರೈಕೆ ರೇಖೆಯನ್ನು ಬಲಕ್ಕೆ ಸರಿಸು. ಎರಡೂ ವರ್ಷದ ಆದಾಯದ ಆಯತಗಳಿಗೆ ಬೇರೆ ಬೇರೆ ಗೆರೆ ತುಂಬು. ಅಕ್ಷಗಳಿಗೆ ಹೆಸರು ಬರೆಯೋದು ಮರೀಬೇಡ, ಅಲ್ಲೇ ಅಂಕ ಹೋಗೋದು.